ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯಟ್ಲಿ

2015ರ ನವೆಂಬರ್ ಕೊನೆಯಲ್ಲಿ ಜರ್ಮನಿಯಲ್ಲಿ ಒಬ್ಬ ಅಜ್ಜ ತೀರಿಕೊಂಡ. ಎರಡು ನಿಮಿಷವೂ ತುಂಬದ ಜಾಹೀರಾತೊಂದರಲ್ಲಿ ಸತ್ತು, ಅದು ಮುಗಿಯುವುದರೊಳಗೇ ಅಡುಗೆಮನೆಯಿಂದ ನಡೆದು ಬಂದ. ಸತ್ತನೆಂದು ಅರ್ಧ ದೇಶ ಅತ್ತಿತು. ಬದುಕಿದ್ದಾನೆಂದು ತಿಳಿದು ಇನ್ನರ್ಧ ಸಿಟ್ಟಾಯಿತು.

ಜಾಹೀರಾತು ಎಡೆಕಾದ್ದು. ಎಡೆಕಾ ಎಂದರೆ ಹಾಲು, ಬ್ರೆಡ್ಡು, ಆಲೂಗಡ್ಡೆ ಮಾರುವ ಜರ್ಮನಿಯ ಅತಿ ದೊಡ್ಡ ಸೂಪರ್‌ಮಾರ್ಕೆಟ್ ಬಳಗ. ಕಥೆ ಇಷ್ಟೆ. ಒಂಟಿ ಮುದುಕನಿಗೆ ಫೋನಿನಲ್ಲಿ ಮಗಳ ಧ್ವನಿ ಕೇಳುತ್ತದೆ: ಈ ಸಲ ಕ್ರಿಸ್‌ಮಸ್ಸಿಗೆ ಬರುವುದಕ್ಕಾಗುವುದಿಲ್ಲ, ಮುಂದಿನ ವರ್ಷ ಖಂಡಿತ. ಮುಂದಿನ ವರ್ಷವೂ ಅದೇ ಪಾಡು. ಅಲಂಕರಿಸಿದ ಮರದ ಪಕ್ಕ ಅಜ್ಜ ಒಬ್ಬನೇ ಕೂತು ಉಣ್ಣುತ್ತಾನೆ. ಕೊನೆಗೊಂದು ದಿನ ಮಕ್ಕಳಿಗೆ ಅಪ್ಪ ಹೋದ ಸುದ್ದಿ ತಲುಪುತ್ತದೆ. ಎಲ್ಲಿದ್ದವರು ಅಲ್ಲಿಂದಲೇ ಹೊರಟು, ಕಪ್ಪು ಬಟ್ಟೆ ತೊಟ್ಟು, ಅಳುತ್ತಾ ಮನೆಯೊಳಗೆ ಕಾಲಿಡುತ್ತಾರೆ. ನೋಡಿದರೆ ಮೇಜಿನ ತುಂಬ ತಟ್ಟೆ, ಬಟ್ಟಲು, ಉರಿಯುವ ಮೋಂಬತ್ತಿ. ಅಜ್ಜ ಒಳಗಿನಿಂದ ಬಂದು, ನಿಮ್ಮನ್ನೆಲ್ಲ ಒಟ್ಟಿಗೆ ಸೇರಿಸಲು ನನಗೆ ಬೇರೆ ದಾರಿ ಏನಿತ್ತು ಎಂದು ಕೇಳುತ್ತಾನೆ. ಒಂದು ಕ್ಷಣ ಎಲ್ಲರೂ ಕಲ್ಲಾಗುತ್ತಾರೆ, ಆಮೇಲೆ ನಗು, ಅಪ್ಪುಗೆ, ಊಟ. ಮನೆಗೆ ಬರುವ ಹೊತ್ತಾಯಿತು ಎಂಬ ಅರ್ಥದ ಎರಡು ಪದ ತೆರೆಯ ಮೇಲೆ ಮೂಡುತ್ತವೆ, ಜೊತೆಗೆ ಅಂಗಡಿಯ ಗುರುತು.

ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಜನ ಅದನ್ನು ನೋಡಿದರು. ಕಚೇರಿಯಲ್ಲಿ ಕೂತು ಅತ್ತೆವು ಎಂದವರಿದ್ದರು, ಕೂಡಲೇ ಅಪ್ಪನಿಗೆ ಫೋನು ಮಾಡಿದೆವು ಎಂದವರಿದ್ದರು. ಇನ್ನೊಂದು ಪಕ್ಷದ ವಾದವೂ ಗಟ್ಟಿಯಾಗಿತ್ತು. ಆ ವರ್ಷವೇ ಅಪ್ಪನನ್ನು ನಿಜವಾಗಿ ಮಣ್ಣು ಮಾಡಿ ಬಂದವರು ಇದನ್ನು ಹೇಗೆ ನೋಡಬೇಕು? ಅವರ ಅಪ್ಪ ಅಡುಗೆಮನೆಯಿಂದ ಎದ್ದು ಬರುವುದಿಲ್ಲವಲ್ಲ. ಮುದುಕರ ಒಂಟಿತನವನ್ನು ಕೋಸುಗಡ್ಡೆ ಮಾರುವುದಕ್ಕೆ ಬಳಸುವುದು ಯಾವ ಮರ್ಯಾದೆ? ಮಕ್ಕಳ ಮೇಲೆ ಹೀಗೆ ಪಾಪದ ಹೊರೆ ಹೇರುವ ಅಪ್ಪ ಒಳ್ಳೆಯವನೇ ಆಗಿದ್ದರೆ ಅವರು ಯಾಕೆ ದೂರವಾದರು ಎಂದು ಕೇಳಿದ ಕಟುಕರೂ ಇದ್ದರು.

ಅದೇ ನವೆಂಬರಿನಲ್ಲಿ ಇಂಗ್ಲೆಂಡಿನ ಜಾನ್ ಲೂಯಿಸ್ ಅಂಗಡಿ ತನ್ನ ಅಜ್ಜನನ್ನು ಚಂದ್ರನ ಮೇಲೆ ಕೂರಿಸಿತ್ತು. ಪುಟ್ಟ ಹುಡುಗಿಯೊಬ್ಬಳು ಟೆಲಿಸ್ಕೋಪಿನಲ್ಲಿ ಅವನನ್ನು ಕಂಡು, ಬಲೂನು ಕಟ್ಟಿ ಅವನಿಗೂ ಒಂದು ಟೆಲಿಸ್ಕೋಪು ಕಳಿಸುತ್ತಾಳೆ. ವೃದ್ಧರಿಗಾಗಿ ದುಡಿಯುವ ಏಜ್ ಯುಕೆ ಸಂಸ್ಥೆ ಜೊತೆಗಿತ್ತು. ಅಲ್ಲಿಯೂ ಕೆಲವರು ಅತ್ತರು, ಕೆಲವರು ಅಜ್ಜ ಅಲ್ಲಿಗೆ ಹೋದದ್ದು ಹೇಗೆ, ಉಸಿರಾಡುವುದು ಹೇಗೆ ಎಂದು ಲೆಕ್ಕ ಕೇಳಿದರು. ಎದುರಾಳಿ ಆಲ್ಡಿ ಆ ಅಜ್ಜನನ್ನೇ ಅಣಕಿಸಿ, ಅಂಥ ಟೆಲಿಸ್ಕೋಪು ನಮ್ಮಲ್ಲಿ ಇನ್ನೂ ಅಗ್ಗ ಎಂದು ತನ್ನದೊಂದು ಜಾಹೀರಾತು ಮಾಡಿತು. ಅದಕ್ಕೂ ಹಿಂದಿನ ವರ್ಷ ಅಲ್ಲಿನ ಸೂಪರ್‌ಮಾರ್ಕೆಟ್ ಸೇನ್ಸ್‌ಬರೀಸ್, ಮೊದಲ ಮಹಾಯುದ್ಧದ 1914ರ ಕಂದಕಗಳಲ್ಲಿ ಎರಡು ಕಡೆಯ ಸೈನಿಕರು ಕ್ರಿಸ್‌ಮಸ್ ದಿನ ಕೈಕುಲುಕಿದ ಪ್ರಸಂಗವನ್ನು ಜಾಹೀರಾತಾಗಿ ತೆಗೆದಿತ್ತು. ಅದರ ಮೇಲೆ ಜಾಹೀರಾತು ನಿಯಂತ್ರಕರಿಗೆ 700ಕ್ಕೂ ಹೆಚ್ಚು ದೂರು ಬಂದವು, ಎತ್ತಿ ಹಿಡಿದದ್ದು ಒಂದೂ ಇಲ್ಲ. ಅಳಿಸಿ ಸಾಮಾನು ಮಾರುವುದು ಯುರೋಪಿನ ಡಿಸೆಂಬರಿನ ಒಂದು ವ್ಯವಸಾಯವೇ ಆಗಿದೆ.

ಇದರ ನಡುವೆ ಕನ್ನಡದ ಮನೆಗಳೂ ಇದ್ದವು. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರು, ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರು ಸಾಕಷ್ಟು ಮಂದಿ. ಅಂಥ ಒಂದು ಮನೆ ಬೋಬ್ಲಿಂಗನ್ನಿನಲ್ಲಿದೆ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಓದುವ ಹೊರನಾಡಿಗರು ತಮ್ಮದನ್ನೇ ಹಾಕಿಕೊಳ್ಳಬಹುದು. ದಸರಾ ಮುಗಿಸಿಕೊಂಡು ಶಿವಮೊಗ್ಗದಿಂದ ಬಂದ ಅಪ್ಪ, ಅಮ್ಮ 90 ದಿನದ ವೀಸಾದಲ್ಲಿ ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದಾರೆ. ಮಗ ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, ಆಫೀಸಿನಲ್ಲಿ ಎಲ್ಲರೂ ಹೊಗಳುತ್ತಿದ್ದ ಜಾಹೀರಾತನ್ನು ತೋರಿಸಿದ.

ಮೊದಲು ಕಣ್ಣೊರೆಸಿಕೊಂಡದ್ದು ಸೊಸೆ. ಅವಳ ತವರು ಹಾಸನ. ಅಲ್ಲಿ ಅವಳಪ್ಪ ಒಬ್ಬರೇ ಇದ್ದಾರೆ. ಅತ್ತೆಯವರು ಮಾತ್ರ ಒಂದು ಹನಿಯನ್ನೂ ಖರ್ಚು ಮಾಡಲಿಲ್ಲ.

"ಪಾಪ, ಆ ಯಜಮಾನರ ತಲೆಗೆ ಕಾಗೆ ಬಡಿದಿರ್ಬೇಕು ಕಣೋ," ಅಂದರು.

ಬಯಲುಸೀಮೆ, ಮಲೆನಾಡು ಎನ್ನದೆ ನಮ್ಮ ಎಷ್ಟೋ ಊರುಗಳಲ್ಲಿ ಒಂದು ಪದ್ಧತಿ ಇತ್ತು. ಕಾಗೆ ತಲೆಗೆ ಮುಟ್ಟಿದರೆ ಕೇಡು. ಅದಕ್ಕೆ ಪರಿಹಾರವೆಂದರೆ, ಮುಟ್ಟಿಸಿಕೊಂಡವರು ತೀರಿಕೊಂಡರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ಗೋಳಾಡಿದರೆ ಕಂಟಕ ಕಳೆಯಿತು, ಆಯುಸ್ಸು ಗಟ್ಟಿಯಾಯಿತು. ಆಮೇಲೆ ನಿಜ ತಿಳಿಸಿದರಾಯಿತು. ಹ್ಯಾಂಬರ್ಗಿನ ಯುಂಗ್ ಫೋನ್ ಮಾಟ್ ಎಂಬ ದೊಡ್ಡ ಏಜೆನ್ಸಿ ತಲೆ ಕೆಡಿಸಿಕೊಂಡು ಹೊಸೆದ ಕಥೆಯನ್ನು ಒಂದು ಕಾಗೆ ಯಾವ ಬಿಲ್ಲೂ ಕಳಿಸದೆ ನಡೆಸಿಕೊಂಡು ಬಂದಿತ್ತು.

ಕಾಗೆ ಸಿಗದ ಕಡೆ ತಂತಿ ಇತ್ತು. 2013ರ ಜುಲೈನಲ್ಲಿ ಭಾರತದ ಟೆಲಿಗ್ರಾಂ ಸೇವೆ 163 ವರ್ಷ ನಡೆದು ನಿಂತಾಗ ಪತ್ರಿಕೆಗಳು ಅದನ್ನು ಬಹಳ ಗೌರವದಿಂದ ಬೀಳ್ಕೊಟ್ಟವು. ಅದು ಹೊತ್ತು ತಂದ ಸುಳ್ಳುಗಳ ಲೆಕ್ಕ ಹಾಕಿದವರು ಕಡಿಮೆ. ದೀಪಾವಳಿ, ಮದುವೆ ಶುಭಾಶಯಗಳಿಗೆ ಅಂಚೆ-ತಂತಿ ಇಲಾಖೆ ಸಿದ್ಧ ವಾಕ್ಯ ಮಾಡಿಟ್ಟು ನಂಬರು ಕೊಟ್ಟಿತ್ತು. 'ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯಟ್ಲಿ' ಎಂಬುದಕ್ಕೆ ನಂಬರು ಬೇಕಿರಲಿಲ್ಲ, ಇಂಗ್ಲಿಷಿನ ಗಂಧವಿಲ್ಲದವರಿಗೂ ಅದು ಬಾಯಿಪಾಠ. ರಜೆ ಕೊಡದ ಮೇಲಧಿಕಾರಿಗೆ ತೋರಿಸಲು ಮಗನೇ ಊರಿಗೆ ಬರೆದು ತರಿಸಿಕೊಂಡ ತಂತಿಗಳೂ ಇದ್ದವು.

"ಇದು ಶುದ್ಧ ಬ್ಲ್ಯಾಕ್‌ಮೇಲ್ ಅಮ್ಮ," ಅಂದ ಮಗ. "ಹೀಗೆ ಸುಳ್ಳು ಹೇಳಿ ಕರೆಸೋದು ತಪ್ಪಲ್ವಾ?"

ಅಪ್ಪ ಕನ್ನಡಕ ತೆಗೆದು ಒರೆಸುತ್ತಾ, "ಎಪ್ಪತ್ತರ ದಶಕದಲ್ಲಿ ನಾನು ಬೊಂಬಾಯಲ್ಲಿದ್ದೆ. ನಿಮ್ಮ ತಾತನಿಗೆ ಸೀರಿಯಸ್ ಅಂತ ತಂತಿ ಬಂತು. ಎರಡು ರೈಲು, ಒಂದು ಬಸ್ಸು ಹತ್ತಿ ಬಂದೆ. ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ತಿದ್ದ. ಮಾರನೇ ದಿನ ಹೆಣ್ಣು ನೋಡೋಕೆ ಕರ್ಕೊಂಡು ಹೋದ," ಅಂದರು.

"ಆ ಹೆಣ್ಣು ನಾನೇ," ಅಂದರು ಅಮ್ಮ. "ಬ್ಲ್ಯಾಕ್‌ಮೇಲ್ ಅಂತೀಯಲ್ಲ, ಆ ತಂತಿ ಇಲ್ದಿದ್ರೆ ನೀನೆಲ್ಲಿರ್ತಿದ್ದೆ?"

ಮಗ ವಾದದಲ್ಲಿ ಅಲ್ಲಿಗೇ ಸೋತ. ಅಮ್ಮ ಮಾತ್ರ ಜಾಹೀರಾತನ್ನು ಬಿಡಲಿಲ್ಲ. ಅವರ ನಿಜವಾದ ಆಕ್ಷೇಪಣೆ ಜರ್ಮನಿಯ ಯಾವ ಟೀಕಾಕಾರನಿಗೂ ಹೊಳೆಯದ್ದು: ಸೂತಕದ ಮನೆಗೆ ಬಂದವರು ಸ್ನಾನ ಮಾಡದೆ ಊಟಕ್ಕೆ ಕೂತರಲ್ಲ? ಸುದ್ದಿ ಸುಳ್ಳಾದರೂ ಅತ್ತದ್ದು ನಿಜ ತಾನೆ? ಅಷ್ಟು ಜನರ ಅಡುಗೆಯನ್ನು ಆ ವಯಸ್ಸಿನ ಗಂಡಸು ಒಬ್ಬನೇ ಮಾಡಿದ ಎಂದರೆ ಅದು ಮೊದಲಿನ ಸುಳ್ಳಿಗಿಂತ ದೊಡ್ಡ ಸುಳ್ಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಕುಕ್ಕರಿನ ಮುಚ್ಚಳ ಹಾಕದವರನ್ನು ಅವರು ಓರೆಗಣ್ಣಿನಲ್ಲಿ ನೋಡಿದರು. ಅಪ್ಪ ಮತ್ತೆ ಕನ್ನಡಕ ಒರೆಸಿದರು.

ಎಂಟು ವರ್ಷದ ಮೊಮ್ಮಗಳದು ಮೂರನೆಯ ಪಕ್ಷ. "ಆ ಅಜ್ಜ ಸುಳ್ಳು ಹೇಳಿದ್ರು. ಅವರಿಗ್ಯಾಕೆ ಯಾರೂ ಬಯ್ಯಲಿಲ್ಲ?" ನಿನ್ನೆ ಹಲ್ಲುಜ್ಜಿದೆನೆಂದು ಸುಳ್ಳು ಹೇಳಿ ಅವಳು ಬೈಸಿಕೊಂಡಿದ್ದಳು. ಈ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಲಂಡನ್ ಕಡೆಯ ಕನ್ನಡದ ಮನೆಗಳಿಗೆ ಮರುವರ್ಷ ಇಂಥದೇ ಪೀಕಲಾಟ ಬಂತು. ಜಾನ್ ಲೂಯಿಸ್‌ನ 2016ರ ಜಾಹೀರಾತಿನಲ್ಲಿ ಅಪ್ಪ ರಾತ್ರೋರಾತ್ರಿ ತೋಟದಲ್ಲಿ ಮಗಳಿಗೆ ಟ್ರ್ಯಾಂಪೊಲಿನ್ ಜೋಡಿಸುತ್ತಾನೆ, ನರಿಗಳೂ ಬ್ಯಾಜರೂ ಅದರ ಮೇಲೆ ಕುಣಿಯುತ್ತವೆ, ಬೆಳಿಗ್ಗೆ ಮಗಳನ್ನು ಹಿಂದಿಕ್ಕಿ ನಾಯಿಯೇ ಹತ್ತಿ ಕುಣಿಯುತ್ತದೆ. ಉಡುಗೊರೆ ತರುವವನು ಸಾಂಟಾ ಅಲ್ಲ, ಅಪ್ಪ ಎಂದು ಮಕ್ಕಳಿಗೆ ತಿಳಿದುಹೋಗುತ್ತದೆ ಎಂದು ಅಲ್ಲಿನ ಹಲವು ತಂದೆತಾಯಿಯರು ಕೆಂಡವಾದರು. ನಮ್ಮ ಮನೆಗಳಲ್ಲಿ ಆ ಗುಟ್ಟು ಒಡೆಯಲು ಟಿವಿ ಬೇಕಿಲ್ಲ, ಊರಿಂದ ಬಂದ ಅಜ್ಜಿ ಸಾಕು. "ಸಾಂಟಾನೂ ಇಲ್ಲ, ಗೀಂಟಾನೂ ಇಲ್ಲ ಪುಟ್ಟ. ನಿಮ್ಮಪ್ಪನೇ ತಂದಿದ್ದು, ಬಿಲ್ ನೋಡಿದೆ, ಸಿಕ್ಕಾಪಟ್ಟೆ ಕೊಟ್ಟಿದಾನೆ."

ಇತ್ತ ಬೋಬ್ಲಿಂಗನ್ನಿನ ಆ ಕುಟುಂಬದ ಕೆಳಮನೆಯಲ್ಲಿ ಒಬ್ಬ ಜರ್ಮನ್ ಅಜ್ಜಿ ಒಂಟಿಯಾಗಿ ಇದ್ದಾರೆ. ಆ ಸೀಮೆಯಲ್ಲಿ ಮೆಟ್ಟಿಲು ಗುಡಿಸುವುದು ಮನೆಯವರ ಸರದಿ. ಯಾರ ವಾರವೋ ಅವರ ಬಾಗಿಲಿಗೆ ಒಂದು ಹಲಗೆ ನೇತುಬೀಳುತ್ತದೆ. ಸರದಿ ತಪ್ಪಿಸಿದವರನ್ನು ಕಟ್ಟಡ ಮರೆಯುವುದಿಲ್ಲ. ಅಜ್ಜಿ ಹಲಗೆ ತಂದು ಕೊಡಲು ಮೇಲೆ ಬಂದಾಗ ಸೊಸೆ ಜಾಹೀರಾತಿನ ಮಾತೆತ್ತಿದಳು. ಅಜ್ಜಿ ಕರಗಲಿಲ್ಲ, ಕೆರಳಿದರು. ಮುದುಕರೆಂದರೆ ಕಿಟಕಿ ಪಕ್ಕ ಕೂತು ಫೋನು ಕಾಯುವವರು ಅಂದುಕೊಂಡಿದ್ದೀರಾ? ನನಗೆ ಮಂಗಳವಾರ ಈಜು, ಗುರುವಾರ ಇಸ್ಪೀಟು. ಮಗ ಬಂದರೆ ಸಂತೋಷ, ಆದರೆ ಮೊದಲೇ ಹೇಳಿ ಬರಬೇಕು. ಅತ್ತೆಯವರಿಗೆ ಸೊಸೆ ಇದನ್ನು ಕನ್ನಡ ಮಾಡಿ ಹೇಳಿದಾಗ ಅವರು ಕೊಂಚ ಹೊತ್ತು ಸುಮ್ಮನಿದ್ದು, "ಇಸ್ಪೀಟಾ?" ಎಂದಷ್ಟೇ ಕೇಳಿದರು. ಧ್ವನಿಯಲ್ಲಿ ಇದ್ದದ್ದು ಅಸೂಯೆಯೇ ಇರಬೇಕು.

ಹೊರನಾಡಿನವರಿಗೆ ಈ ಜಾಹೀರಾತು ಬೇರೆ ಕಡೆ ಚುಚ್ಚುತ್ತದೆ. ಅದರಲ್ಲಿ ಅವರಿಗಿರುವುದು ಒಂದೇ ಪಾತ್ರ, ಬಾರದ ಮಕ್ಕಳದು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಶಿವಮೊಗ್ಗದಲ್ಲಿ ಹಾಲಿನವನು ಬರುವ ಆರು ಗಂಟೆ ಇಲ್ಲಿ ನಡುರಾತ್ರಿ ಒಂದೂವರೆ. ಆ ಹೊತ್ತಿಗೆ ಫೋನು ಬಂದರೆ ತೆಗೆಯುವ ಮುಂಚೆಯೇ ಗಂಡ, ಹೆಂಡತಿ ಇಬ್ಬರೂ ಎದ್ದು ಕೂತಿರುತ್ತಾರೆ, ಯಾರ ಕಡೆಯದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೂರಕ್ಕೆ ತೊಂಬತ್ತು ಸಲ ಅದು ಚಿಕ್ಕಪ್ಪ, ಗಡಿಯಾರ ನೋಡದೆ ಮಾಡಿದ ವಾಟ್ಸ್‌ಆ್ಯಪ್ ಕಾಲ್, ಗೃಹಪ್ರವೇಶದ ಆಹ್ವಾನ. ಉಳಿದ ಸಲ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ನೇರ ವಿಮಾನ ಸಿಕ್ಕರೂ ಒಂಬತ್ತು ಗಂಟೆ ಆಕಾಶದಲ್ಲಿ, ಆಮೇಲೆ ರಸ್ತೆಯಲ್ಲಿ ಒಂದಿಡೀ ಹಗಲು. ಎಷ್ಟೋ ಗಂಡುಮಕ್ಕಳು ಬೆಂಕಿಗೆ ತಲುಪಿಲ್ಲ, ಬೂದಿಗೆ ತಲುಪಿದ್ದಾರೆ. ಅಂಥವನೊಬ್ಬ ಈ ಜಾಹೀರಾತನ್ನು ಅರ್ಧಕ್ಕೆ ನಿಲ್ಲಿಸಿದರೆ ಅವನಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನಬಾರದು.

ಇನ್ನು ಬಂದು ಹೋಗುವ ಮಾತು. ಯುಗಾದಿಗೆ ಬಾ, ಗೌರಿಗೆ ಬಾ ಎಂದು ಅಮ್ಮಂದಿರು ಕರೆಯುತ್ತಾರೆ. ಜರ್ಮನಿಯಲ್ಲಿ ಮಕ್ಕಳನ್ನು ಕಾರಣವಿಲ್ಲದೆ ಶಾಲೆ ಬಿಡಿಸಿದರೆ ದಂಡ. 2018ರಲ್ಲಿ ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ರಜೆ ಶುರುವಾಗುವ ಮುಂಚೆಯೇ ಮಕ್ಕಳೊಂದಿಗೆ ಹೊರಟವರನ್ನು ಪೊಲೀಸರು ತಡೆದು ವಿಚಾರಿಸಿದ್ದು ದೇಶಾದ್ಯಂತ ಸುದ್ದಿಯಾಗಿತ್ತು. ಗೌರಿಹಬ್ಬ ಬಂತು ಎಂದು ಪೊಲೀಸರ ಮುಂದೆ ಬಾಗಿನದ ಮೊರ ತೋರಿಸುವುದಕ್ಕಾಗುತ್ತದೆಯೇ? ಹೀಗಾಗಿ ಮಾಧ್ವರು, ಲಿಂಗಾಯತರು, ಒಕ್ಕಲಿಗರು ಎಲ್ಲರೂ ಊರಿಗೆ ಹೋಗುವುದು ಯೇಸು ಹುಟ್ಟಿದ ಹಬ್ಬಕ್ಕೆ. ಟಿಕೆಟಿನ ದರ ವರ್ಷಕ್ಕೊಮ್ಮೆ ತಲೆ ತಿರುಗಿಸುವುದೂ ಅದೇ ವಾರ.

ಜಾಹೀರಾತು ಬಂದ ವರ್ಷ ಬೋಬ್ಲಿಂಗನ್ನಿನ ಮನೆಗೆ ಅಪ್ಪ, ಅಮ್ಮನೇ ಬಂದಿದ್ದರಿಂದ ಟಿಕೆಟಿನ ಗೋಜಿರಲಿಲ್ಲ, ಹಾಲಿನ ಗೋಜು ಬಂತು. ಜರ್ಮನಿಯಲ್ಲಿ ಡಿಸೆಂಬರ್ 24ರ ಮಧ್ಯಾಹ್ನ ಅಂಗಡಿ ಮುಚ್ಚಿದರೆ 25, 26 ಎರಡು ದಿನ ತೆರೆಯುವುದಿಲ್ಲ. 2015ರಲ್ಲಿ 24 ಗುರುವಾರ, 27 ಭಾನುವಾರ. ಭಾನುವಾರವೂ ಅಲ್ಲಿ ಬೀಗ. ಅಂದರೆ ಗುರುವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆಯವರೆಗೆ ಒಂದು ಲೀಟರ್ ಹಾಲೂ ಹುಟ್ಟುವುದಿಲ್ಲ. ಮೂರು ಹೊತ್ತು ಕಾಫಿ, ಎರಡು ಹೊತ್ತು ಮೊಸರನ್ನದ ಮನೆಗೆ ಈ ಸತ್ಯ ಅರಿವಾದದ್ದು ಗುರುವಾರ ಒಂದೂಕಾಲಕ್ಕೆ. ಎಡೆಕಾವನ್ನು ವಾರಗಟ್ಟಲೆ ಬ್ಲ್ಯಾಕ್‌ಮೇಲಿನ ಅಂಗಡಿ ಎಂದು ಬಯ್ದಿದ್ದ ಮಗ, ಜಾಕೆಟಿನ ಜಿಪ್ಪು ಹಾಕಿಕೊಳ್ಳುತ್ತಲೇ ಆ ಅಂಗಡಿಗೇ ಓಡಿದ. ಒಳಗೆ ಅರ್ಧ ಊರು ಅದೇ ಕೆಲಸಕ್ಕೆ ಬಂದಿತ್ತು. ಹತ್ತು ಪಾಕೀಟು ಹಾಲು ಸಿಕ್ಕಿತು, ಕೊತ್ತಂಬರಿ ಸಿಗಲಿಲ್ಲ. ಗೆದ್ದ ಉಮೇದಿನಲ್ಲಿ ಮನೆಗೆ ಬಂದವನೇ ಲ್ಯಾಪ್‌ಟಾಪ್ ತೆರೆದು ಮುಂದಿನ ಡಿಸೆಂಬರಿಗೆ ಊರಿನ ಟಿಕೆಟು ನೋಡತೊಡಗಿದ.

"ಮುಂದಿನ ವರ್ಷ ನಾವೇ ಬರ್ತೀವಿ ಅಪ್ಪ. ಖಂಡಿತ. ಹನ್ನೆರಡು ದಿನ ರಜೆ ಹೊಂದಿಸ್ತೀನಿ."

ಅಪ್ಪ ಪಂಚಾಂಗ ಮಡಿಚಿಟ್ಟು ಬೆರಳು ಎಣಿಸಿದರು. "ಹನ್ನೆರಡು ಸಾಲದಲ್ಲೋ. ಅಕಸ್ಮಾತ್ ನಾನು ನಿಜವಾಗ್ಲೂ ಹೋಗಿಬಿಟ್ರೆ ವೈಕುಂಠ ಸಮಾರಾಧನೆ ಹದಿಮೂರನೇ ದಿನ. ಇನ್ನೊಂದು ದಿನ ಕೇಳಿ ನೋಡು."