ಚೀಲದೊಳಗಿನ ತಿಪ್ಪೆ

ಕಾಫಿಪುಡಿ ಕೊಳ್ಳುವಾಗ ತೋರುವ ಶ್ರದ್ಧೆಯ ಕಾಲುಭಾಗವನ್ನೂ ಬೆಂಗಳೂರಿಗರು ಗೊಬ್ಬರ ಕೊಳ್ಳುವಾಗ ತೋರುವುದಿಲ್ಲ. ಪೀಬೆರಿ ಎಷ್ಟು, ಚಿಕೋರಿ ಎಷ್ಟು ಎಂದು ವಿಚಾರಿಸಿ, ಅಂಗಡಿಯವನ ಎದುರೇ ಪೊಟ್ಟಣಕ್ಕೆ ಮೂಗು ತೂರಿಸಿ ತಲೆದೂಗುವ ಮನುಷ್ಯ, ನರ್ಸರಿಗೆ ಹೋದೊಡನೆ ಅದೇ ಮೂಗಿಗೆ ಕರ್ಚೀಫು ಹಿಡಿದು, ಬೂಟಿನ ತುದಿಯಿಂದ ಚೀಲ ತೋರಿಸಿ, ‘ಅದೊಂದು ಡಿಕ್ಕಿಗೆ ಹಾಕ್ಬಿಡಿ’ ಎನ್ನುತ್ತಾನೆ. ಅವನು ನೋಡಿದ್ದು ಚೀಲದ ಮೇಲಿನ ಟೊಮೇಟೊ ಚಿತ್ರವನ್ನು. ಆ ಟೊಮೇಟೊ ಒಳಗಿನ ಗೊಬ್ಬರದ ಮುಖ ಕಂಡಿರುವ ಸಂಭವ ಬಹಳ ಕಡಿಮೆ.

ಊರಿನಲ್ಲಿ ಗೊಬ್ಬರ ಆರಿಸುವ ಪ್ರಶ್ನೆಯೇ ಇರಲಿಲ್ಲ. ಮನೆಗೊಂದು ತಿಪ್ಪೆ. ಕೊಟ್ಟಿಗೆ ಬಳಿದದ್ದು, ದನ ತಿಂದುಳಿಸಿದ ಹುಲ್ಲು, ಒಲೆಯ ಬೂದಿ ಎಲ್ಲ ಅಲ್ಲಿಗೇ. ಮಲೆನಾಡಾದರೆ ಸೊಪ್ಪಿನ ಬೆಟ್ಟದಿಂದ ಹೊತ್ತು ತಂದ ಸೊಪ್ಪು, ದರಗು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ತುಳಿಸಿಕೊಂಡು ಆಮೇಲೆ ಗೊಬ್ಬರದ ಗುಂಡಿ ಸೇರುತ್ತಿತ್ತು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ಹಣತೆ ಇಡುವ ಮನೆಗಳಿದ್ದವು. ಚಿತ್ರದುರ್ಗದ ಸೀಮೆಯಲ್ಲಂತೂ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂದು ಕೂಗಿದರೆ ಬೀದಿಗಿಬ್ಬರಾದರೂ ಓಗೊಡುತ್ತಾರೆ. ಪಟ್ಟಣದಲ್ಲಿ ತಿಪ್ಪೆ ಎಂದರೆ ಪಾಲಿಕೆಗೆ ದೂರು ಕೊಡುವ ವಿಷಯ. ಅದನ್ನೇ ಜರಡಿಯಾಡಿ ಚೀಲಕ್ಕೆ ತುಂಬಿದರೆ ಮಾತ್ರ ‘ಆರ್ಗ್ಯಾನಿಕ್’ ಆಗಿ ಲಿಫ್ಟಿನಲ್ಲಿ ಹತ್ತನೇ ಮಹಡಿ ಏರುತ್ತದೆ.

ಈ ವಿದ್ಯೆಯಲ್ಲಿ ಬೆಂಗಳೂರಿಗೂ ಒಂದು ಹೆಸರಿದೆ. 1920ರ ದಶಕದಲ್ಲಿ ಇಂದೂರಿನಲ್ಲಿದ್ದ ಆಲ್ಬರ್ಟ್ ಹೋವರ್ಡ್, ಕಸಕಡ್ಡಿ, ಸಗಣಿಗಳನ್ನು ಪದರಪದರವಾಗಿ ಒಟ್ಟಿ ಆಗಾಗ ಮಗುಚಿಹಾಕುವ ಕ್ರಮವನ್ನು ರೂಪಿಸಿದ. ಅದು ಇಂದೂರು ವಿಧಾನ. 1939ರಲ್ಲಿ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಇಲ್ಲಿ ಇನ್ನೊಂದು ದಾರಿ ಕಂಡುಕೊಂಡರು. ಊರಿನ ಕಸ, ಹೇಲುಗಳನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಆರೆಂಟು ತಿಂಗಳು ಮುಟ್ಟದೆ ಬಿಡುವುದು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಏನೂ ಮಾಡದೆ ಸುಮ್ಮನೆ ಕಾಯುವುದು ಈ ಊರಿನ ವಿಧಾನವಾದದ್ದರಲ್ಲಿ ಆಶ್ಚರ್ಯವಿಲ್ಲ; ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಾವು ಈಗಲೂ ಅದನ್ನೇ ಅಭ್ಯಾಸ ಮಾಡುತ್ತಿದ್ದೇವೆ.

ಇವತ್ತಿನ ಅನೇಕ ಚೀಲಗಳಲ್ಲಿ ಕಡಿಮೆ ಬೀಳುವುದು ಈ ಕಾಯುವಿಕೆಯೇ. ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ನಾವು ಚೀಲದ ಬೆನ್ನು ತಿರುವಿ ಓದುತ್ತೇವೆ. ಮಾಗಿದೆಯೇ ಎಂದು ಕೇಳುವುದಿಲ್ಲ. ಮಾಗದ ಗೊಬ್ಬರ ಗಿಡಕ್ಕೆ ಉಣಬಡಿಸುವುದಿರಲಿ, ಅದರ ಎಲೆಗೇ ಕೈ ಹಾಕುತ್ತದೆ. ಮರದ ಹೊಟ್ಟು, ಒಣಸೊಪ್ಪು ಇನ್ನೂ ಅರೆಬರೆ ಕೊಳೆತಿದ್ದರೆ ಸೂಕ್ಷ್ಮಜೀವಿಗಳು ಉಳಿದ ಕೆಲಸ ಮುಗಿಸಲು ಕುಂಡದ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಗಿಡ ಹಳದಿ ತಿರುಗುತ್ತದೆ. ಮನೆಯವರು ‘ಪಾಪ, ಗೊಬ್ಬರ ಸಾಲದು’ ಎಂದು ಅದನ್ನೇ ಇನ್ನೆರಡು ಹಿಡಿ ಸುರಿಯುತ್ತಾರೆ.

ಸರ್ಕಾರ ಕೈಕಟ್ಟಿ ಕೂತಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ನಗರ ಕಾಂಪೋಸ್ಟಿಗೂ ಮಾನದಂಡಗಳಿವೆ: ತೇವ ಶೇ. 15ರಿಂದ 25, ಶೇ. 90ರಷ್ಟಾದರೂ 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ಇಂಗಾಲ–ಸಾರಜನಕದ ಅನುಪಾತ 20ನ್ನು ಮೀರಬಾರದು, ಸೀಸ ಕಿಲೋಗೆ 100 ಮಿಲಿಗ್ರಾಮಿನೊಳಗಿರಬೇಕು. ಇವೆಲ್ಲದರ ನಡುವೆ ದುರ್ವಾಸನೆ ಇರಬಾರದು ಎಂಬುದೂ ಒಂದು ಷರತ್ತು. ಕಾನೂನೇ ಮೂಗನ್ನು ನಂಬಿದೆ ಎಂದಮೇಲೆ ನಾವು ಕರ್ಚೀಫು ಹಿಡಿಯುವುದು ಯಾಕೆ?

ಮೂಗು ಹೇಳುವುದು ಬಹಳ. ಮಾಗಿದ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಕಣ್ಣುರಿಸುವ ಅಮೋನಿಯಾ ಘಾಟು ಬಂದರೆ ಅದಿನ್ನೂ ಬೇಯುತ್ತಿದೆ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಿಲ್ಲದೆ ಕೆಟ್ಟಿದೆ. ಚೀಲದೊಳಗೆ ಕೈಯಿಟ್ಟರೆ ಬಿಸಿ ತಾಕಬಾರದು. ಹಿಡಿ ತುಂಬ ತೆಗೆದು ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಮುಟ್ಟಿದರೆ ಉದುರಬೇಕು. ನೀರು ತೊಟ್ಟಿಕ್ಕಿದರೆ ನೀವು ಗೊಬ್ಬರದ ದರದಲ್ಲಿ ಕಾವೇರಿ ನೀರು ಕೊಳ್ಳುತ್ತಿದ್ದೀರಿ. ಮುಖ್ಯವಾಗಿ, ಅದು ಹಿಂದೆ ಏನಾಗಿತ್ತೆಂದು ನಿಮಗೆ ತಿಳಿಯಬಾರದು. ಮೊಟ್ಟೆಚಿಪ್ಪಿನ ಚೂರಿದ್ದರೆ ಕ್ಷಮಿಸಬಹುದು. ಶಾಂಪೂ ಪೊಟ್ಟಣದ ತುದಿ, ಗಾಜಿನ ಚೂರು ಕಂಡರೆ ಚೀಲವನ್ನು ಇದ್ದಲ್ಲೇ ಬಿಟ್ಟು ಬನ್ನಿ.

ಎರೆಗೊಬ್ಬರ ನನಗೆ ಅಚ್ಚುಮೆಚ್ಚು, ಬೆಲೆಯೊಂದನ್ನು ಬಿಟ್ಟು. ಅದನ್ನು ತಯಾರಿಸುವ ಹುಳುಗಳಲ್ಲಿ ಹೆಸರಾದ ಐಸೀನಿಯಾ ಫೆಟಿಡಾ ಯುರೋಪಿನದು, ಯುಡ್ರಿಲಸ್ ಯೂಜೀನಿಯೆ ಆಫ್ರಿಕಾದ್ದು. ‘ಅಪ್ಪಟ ದೇಸಿ ಎರೆಗೊಬ್ಬರ’ ಎಂಬ ಫಲಕ ಕಂಡಾಗ ಒಳಗಿನ ಕಾರ್ಮಿಕರ ಪಾಸ್‌ಪೋರ್ಟ್ ನೆನಪಾಗಿ ನಗು ಬರುತ್ತದೆ. ಕೊಟ್ಟಿಗೆ ಗೊಬ್ಬರವೂ ಒಳ್ಳೆಯದೇ, ಹಳೆಯದಾಗಿದ್ದರೆ. ಹಸಿಯಾಗಿದ್ದರೆ ಕಳೆಬೀಜ ಉಚಿತ. ಜೊತೆಗೆ ಹೆಬ್ಬೆರಳು ದಪ್ಪದ, ಸುರುಳಿ ಸುತ್ತಿಕೊಂಡ ಬಿಳಿಯ ಹುಳುಗಳೂ ಬರಬಹುದು. ತೆಂಗಿನ ಸುಳಿ ಕೊರೆಯುವ ಕಪ್ಪು ದುಂಬಿ ಮೊಟ್ಟೆಯಿಡುವುದು ಇಂಥ ಗುಂಡಿಗಳಲ್ಲೇ.

ಗೊಬ್ಬರ ಎಷ್ಟೇ ಚೆನ್ನಾಗಿದ್ದರೂ ಕುಂಡಕ್ಕೆ ಅದನ್ನೇ ತುಂಬಬಾರದು. ಕಾಲುಭಾಗದಿಂದ ಮೂರನೇ ಒಂದು ಭಾಗ ಸಾಕು. ಉಳಿದದ್ದು ಕೆಂಪುಮಣ್ಣು, ಬೇಕಿದ್ದರೆ ಒಂದಷ್ಟು ತೆಂಗಿನ ನಾರಿನ ಪುಡಿ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಯಾವ ಗೊಬ್ಬರ ಬಂದರೂ ಪರೀಕ್ಷೆಯಿಲ್ಲದೆ ಪಾಸು ಮಾಡುವುದಿಲ್ಲ. ಎರಡು ಬಟ್ಟಲು ಇಡುತ್ತಾರೆ: ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅರ್ಧ ಮಣ್ಣು, ಅರ್ಧ ಹೊಸ ಗೊಬ್ಬರ. ಎರಡಕ್ಕೂ ಹತ್ತು ಹತ್ತು ಮೆಂತ್ಯದ ಕಾಳು. ಗೊಬ್ಬರದ ಬಟ್ಟಲಲ್ಲಿ ಮೊಳಕೆ ಕಡಿಮೆಯಾದರೆ, ಬೇರಿನ ತುದಿ ಕಂದಿದರೆ ಗೊಬ್ಬರ ಫೇಲು. ಪಾಸಾದರೆ ಮೆಂತ್ಯದ ಎಳೆಸೊಪ್ಪು ಮನೆಯವರ ತಂಬುಳಿಗೆ ಹೋಗುತ್ತದೆ. ಪ್ರಯೋಗಾಲಯಗಳು ಮಾಡುವ ಪಕ್ವತೆಯ ಪರೀಕ್ಷೆಗಳಲ್ಲೂ ಇಂಥದೇ ಒಂದಿದೆ, ತಂಬುಳಿಯೊಂದು ಬಿಟ್ಟು.

ಆದ್ದರಿಂದ ದೊಡ್ಡ ಚೀಲಕ್ಕೆ ರಿಯಾಯಿತಿ ಇದೆ ಎಂದರೂ ಮೊದಲು ಸಣ್ಣ ಚೀಲ ತನ್ನಿ, ಮೆಂತ್ಯ ಬಿತ್ತಿ ನೋಡಿ. ಫೇಲಾದ ಗೊಬ್ಬರವನ್ನು ಎಸೆಯಬೇಡಿ. ನಾಲ್ಕಾರು ತೂತುಗಳಿರುವ ಡಬ್ಬಕ್ಕೆ ಸುರಿದು, ನೀರು ಚಿಮುಕಿಸಿ, ವಾರಕ್ಕೊಮ್ಮೆ ಮಗುಚುತ್ತಾ ಒಂದೆರಡು ತಿಂಗಳು ನೆರಳಲ್ಲಿಡಿ. ಅರೆಬೆಂದದ್ದೇ ಅದರ ದೋಷವಾಗಿದ್ದರೆ ಎರಡನೇ ಸಲಕ್ಕೆ ಪಾಸಾಗುತ್ತದೆ.