ಭತ್ತದ ನಾಟಿ ಮತ್ತು ಮಾನವ ಸಂಪನ್ಮೂಲ: ಮಸ್ಕಿ ಶಾಸನದ ಒಂದು ಮರುಓದು

ಮಾನವ ಸಂಪನ್ಮೂಲ ವಿಭಾಗವೆಂದರೆ ಹಾಜರಿ ಪುಸ್ತಕ ಕಾಯುವ ಗುಮಾಸ್ತಿಕೆಯಲ್ಲ, ಉದ್ಯಮದ ಕಾರ್ಯತಂತ್ರವನ್ನೇ ರೂಪಿಸುವ ಶಕ್ತಿ ಎಂದು ನಿರ್ವಹಣಾ ಪಂಡಿತರು ಇತ್ತೀಚೆಗೆ ಕಂಡುಕೊಂಡಿದ್ದಾರೆ. ಸಂತೋಷ; ಸ್ವಲ್ಪ ತಡವಾಯಿತು ಅಷ್ಟೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಮಸ್ಕಿಯ ಬಂಡೆಯ ಮೇಲೆ ಬರೆಸಿದ್ದನ್ನು ಧರ್ಮಶಾಸನವೆಂದು ನಂಬಿದ್ದೇ ಇತಿಹಾಸಕಾರರ ಮೂಲ ಪ್ರಮಾದ. ಇದೇ ಶಾಸನದ ಬೇರೆ ಊರುಗಳ ಪ್ರತಿಗಳೊಂದಿಗೆ ಕೂಡಿಸಿ ಓದಿದರೆ ವಿಷಯ ಸ್ಪಷ್ಟ: ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎನ್ನುತ್ತಾನೆ ದೊರೆ. ಇದು ವಾರ್ಷಿಕ ಸ್ವಮೌಲ್ಯಮಾಪನವಲ್ಲದೆ ಮತ್ತೇನು? ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆಂಬ ಮಾತು ಬಡ್ತಿ ನೀತಿ. ಇಂದಿನ ಕಚೇರಿಗೂ ಅದಕ್ಕೂ ಇರುವ ವ್ಯತ್ಯಾಸವೆಂದರೆ, ಅಲ್ಲಿ ನಮೂನೆಯನ್ನು ಮೊದಲು ತುಂಬಿದವನು ಯಜಮಾನನೇ. 1915ರಲ್ಲಿ ಈ ಬಂಡೆಯನ್ನು ಪತ್ತೆಹಚ್ಚಿದ ಸಿ. ಬೀಡನ್ ಪಂಡಿತನಲ್ಲ, ಚಿನ್ನದ ಗಣಿಯ ಎಂಜಿನಿಯರ್. ಇದನ್ನೂ ಆಕಸ್ಮಿಕ ಎನ್ನಲಾಗದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಟನ್ನುಗಟ್ಟಲೆ ಅದಿರು ಅರೆದರೂ ಸಿಗುವುದು ಗ್ರಾಂ ಲೆಕ್ಕದ ಚಿನ್ನ. ನೌಕರಿ ಅರ್ಜಿಗಳನ್ನು ಜರಡಿ ಹಿಡಿದವರಿಗೆ ಈ ಅನುಪಾತ ಹೊಸದಲ್ಲ.

ಆದರೆ ಸಿದ್ಧಾಂತ ಪಕ್ವವಾದದ್ದು ಸಿಂಧನೂರಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಎಲ್ಲರಿಗೂ ಒಮ್ಮೆಲೇ ಭತ್ತದ ನಾಟಿಯ ಅವಸರ. ಮಡಿಯಲ್ಲಿ ಸಸಿ ಬಲಿತರೆ ಇಳುವರಿ ಕುಸಿಯುತ್ತದೆ. ಹೊಲ, ಗೊಬ್ಬರ, ಟ್ರ್ಯಾಕ್ಟರ್ ಎಲ್ಲ ಇದ್ದ ಸಾಹುಕಾರರು ಆಗ ನಾಟಿ ಗುಂಪಿನ ಹಿರಿಯಾಕೆಯ ಮನೆ ಬಾಗಿಲಿಗೆ ಬರುತ್ತಾರೆ. "ಯವ್ವಾ, ನಾಳೆ ನಮ್ಮ ಹೊಲಕ್ಕ ಬರ್ರಿ" ಎಂದರೆ, "ಎಕರೆಕ್ಕ ಎಷ್ಟು ಕೊಡ್ತೀರಿ? ಟಂಟಂ ಬಾಡಿಗಿ ಯಾರ್ದು?" ಎಂದು ಉತ್ತರ. ವೇತನ ನೀತಿ, ಸಾರಿಗೆ ಭತ್ಯೆ ಎರಡೂ ಅಲ್ಲೇ ಇತ್ಯರ್ಥ. ಯಾರು ಸಸಿ ಕೀಳಬೇಕು, ಯಾರು ಕೆಸರಿಗೆ ಕಟ್ಟು ಎಸೆಯಬೇಕು, ಬಾಣಂತನ ಮುಗಿಸಿ ಬಂದವಳು ಯಾರ ಪಕ್ಕ ನಿಲ್ಲಬೇಕು ಎಂಬ ನಿಯೋಜನೆಯೂ ಆಕೆಯದೇ.

ಇದು ಬರೀ ಬೇಡಿಕೆ-ಪೂರೈಕೆಯ ಲೆಕ್ಕ, ಕಾರ್ಯತಂತ್ರವೆಲ್ಲಿ ಎಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಬಹುದು. ಯಾರ ಗದ್ದೆ ಸೋಮವಾರ, ಯಾರದು ಶುಕ್ರವಾರ ಎಂದು ತೀರ್ಮಾನಿಸುವವರ ಕೈಯಲ್ಲಿ ಕಾರ್ಯತಂತ್ರ ಇಲ್ಲವೆಂದರೆ ಅದು ಇನ್ನೆಲ್ಲಿಯೂ ಇಲ್ಲ. ಯಂತ್ರ ಬಂದರೆ ಈ ವಿಭಾಗವೇ ಮುಚ್ಚುತ್ತದೆಂಬ ಇನ್ನೊಂದು ಆಕ್ಷೇಪ ಗಟ್ಟಿ. ಕೊಯ್ಲಿಗೆ ಕಂಬೈನ್ ಬಂದು ಕುಡುಗೋಲು ಸೂರು ಸೇರಿದ್ದು ನಿಜವೇ. ಆದರೆ ಮೋಡ ಕಟ್ಟಿದ ದಿನ ಕಂಬೈನ್ ಚಾಲಕನಿಗಾಗಿ ಕಾದವರನ್ನು ಕೇಳಿ ನೋಡಿ: ವಿಭಾಗ ಮುಚ್ಚಿಲ್ಲ, ಮುಖ್ಯಸ್ಥರು ಬದಲಾಗಿದ್ದಾರೆ. ಹಿರಿಯಾಕೆ ಚೌಕಾಶಿಗಾದರೂ ಮನೆಯಲ್ಲಿ ಸಿಗುತ್ತಿದ್ದಳು. ಚಾಲಕನ ಫೋನು ಸ್ವಿಚ್ ಆಫ್.