ಜಂಗಮ ಗೃಹದ ಸ್ಥಾವರ ಲಕ್ಷಣ

ಅಡುಗೆಮನೆ, ಹಾಸಿಗೆ, ಬಚ್ಚಲುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಓಡುವ ಮನೆಗೆ ಅಮೆರಿಕದಲ್ಲಿ ಆರ್‌ವಿ ಎನ್ನುತ್ತಾರೆ. ಅದನ್ನು ಕ್ಯಾಂಪ್‌ಗ್ರೌಂಡ್ ಒಂದಕ್ಕೆ ಒಯ್ದು, ಮೇ ತಿಂಗಳಿಂದ ಅಕ್ಟೋಬರ್ ನಡುವಿನವರೆಗೆ ಅಲ್ಲಾಡದಂತೆ ನಿಲ್ಲಿಸಿ, ಶನಿವಾರ ಭಾನುವಾರ ಕಾರಿನಲ್ಲಿ ಅಲ್ಲಿಗೆ ಹೋಗಿ ಬರುವ ಆಚಾರಕ್ಕೆ ‘ಸೀಸನಲ್’ ಎಂದು ಹೆಸರು. ಚಕ್ರವಿರುವ ಮನೆ ನಿಂತಿರುತ್ತದೆ, ಅದರಲ್ಲಿ ನೆಲೆಸಬೇಕಾದವರು ಓಡಾಡುತ್ತಿರುತ್ತಾರೆ. ಜಂಗಮವು ಹೀಗೆ ಸ್ಥಾವರವಾಗುವುದನ್ನು ತತ್ತ್ವಶಾಸ್ತ್ರಜ್ಞರು ಇನ್ನೂ ಗಮನಿಸಿದಂತಿಲ್ಲ. ಕ್ಯಾಂಪ್‌ಗ್ರೌಂಡಿನ ಮಾಲೀಕರು ಗಮನಿಸಿ ಮುಂಗಡ ಪಡೆಯುತ್ತಿದ್ದಾರೆ.

ಈ ಶಾಸ್ತ್ರದಲ್ಲಿ ಎರಡು ಸಂಪ್ರದಾಯಗಳಿವೆ. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಹುಟ್ಟಿದ ಕೆಒಎ ಎಂಬ ಕ್ಯಾಂಪ್‌ಗ್ರೌಂಡ್ ಸರಪಳಿ, ಸಿಯಾಟಲ್‌ನ ವಿಶ್ವಮೇಳಕ್ಕೆ ಹೊರಟವರಿಗೆ ದಾರಿಯ ಛತ್ರವಾಗಿತ್ತು. 1969ರಲ್ಲಿ ವಿಸ್ಕಾನ್ಸಿನ್‌ನ ಸ್ಟರ್ಜನ್ ಬೇಯಲ್ಲಿ ಆರಂಭವಾದ ಜೆಲ್ಲಿಸ್ಟೋನ್, ಯೋಗಿ ಎಂಬ ಕಾರ್ಟೂನು ಕರಡಿಯನ್ನು ಕ್ಷೇತ್ರದೇವತೆಯಾಗಿ ಪ್ರತಿಷ್ಠಾಪಿಸಿ, ಛತ್ರವನ್ನೇ ಯಾತ್ರಾಸ್ಥಳ ಮಾಡಿತು. ಸೀಸನಲ್ ಪಂಥ ಮನಸ್ಸಿನಲ್ಲಿ ಎರಡನೆಯದಕ್ಕೆ ಸೇರಿದ್ದು.

ಕಾಲನಿರ್ಣಯಕ್ಕೆ ಪಂಚಾಂಗ ಬೇಡ, ಕೊಳಾಯಿ ಸಾಕು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮಿಶಿಗನ್‌ನಂಥ ಚಳಿನಾಡುಗಳಲ್ಲಿ ಎಷ್ಟೋ ಕ್ಯಾಂಪ್‌ಗ್ರೌಂಡುಗಳ ನೀರಿನ ಪೈಪು ಆಳಕ್ಕೆ ಇಳಿದಿರುವುದಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಡೆಯುತ್ತದೆ. ಆದ್ದರಿಂದ ನೀರು ಬಿಟ್ಟ ದಿನ ಋತು ಆರಂಭ, ನಿಲ್ಲಿಸಿದ ದಿನ ಸಮಾಪ್ತಿ. ಅರಿಜೋನಾ, ಫ್ಲಾರಿಡಾಗಳಲ್ಲಿ ಇದು ತಿರುಗುಮುರುಗು: ಅಲ್ಲಿ ಚಳಿಗಾಲವೇ ಸೀಸನ್, ಬಡಗಣದಿಂದ ಇಳಿದು ಬರುವ ನಿವೃತ್ತರಿಗೆ ‘ಹಿಮಹಕ್ಕಿಗಳು’ ಎಂದು ಹೆಸರು. ಮಕ್ಕಳ ಬೇಸಿಗೆ ರಜೆಯನ್ನು ನೆಚ್ಚಿದ ಸಂಸಾರವು ಅವರನ್ನು ಅನುಕರಿಸಬಾರದು. ಅಡಿರಾಂಡಾಕ್ ಬೆಟ್ಟಗಳಲ್ಲಿ ಜಾಗ ಹಿಡಿದವರು ಮೇ ಕೊನೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡರೆ ಕಪ್ಪು ನೊಣಗಳು ಕರೆಯದೆಯೇ ಬರುತ್ತವೆ, ಊಟಕ್ಕೇ ಬರುತ್ತವೆ.

ವಾಹನಭೇದದ ಚರ್ಚೆ ಇಲ್ಲಿ ಅಪ್ರಸ್ತುತ. ನಿಂತಮೇಲೆ ಎಲ್ಲವೂ ಒಂದೇ. ಗೋಡೆ ಬಟ್ಟೆಯದೋ ಗಟ್ಟಿಯದೋ ಎಂಬ ಭೇದವನ್ನು ಅದ್ವೈತಿಗಳು ಅಲ್ಲಗಳೆಯಬಹುದು. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ, ಕರಡಿಗಳ ದೆಸೆಯಿಂದ, ಬಟ್ಟೆಗೋಡೆಗೆ ಪ್ರವೇಶವಿಲ್ಲ.

ಕ್ಷೇತ್ರಕ್ಕೆ ಮೂರು ನಾಡಿಗಳು: ನೀರು, ವಿದ್ಯುತ್ತು, ಚರಂಡಿ. ಮೂರೂ ಇದ್ದರೆ ‘ಫುಲ್ ಹುಕಪ್’, ಅಂದರೆ ಪೂರ್ಣಸಿದ್ಧಿ. ವಿದ್ಯುತ್ತಿನಲ್ಲಿ 30 ಆಂಪ್, 50 ಆಂಪ್ ಎಂಬ ಎರಡು ಜಾತಿಗಳಿವೆ. ಒಂದು 3,600 ವ್ಯಾಟ್ ಕೊಟ್ಟರೆ ಇನ್ನೊಂದು 12,000 ಕೊಡುತ್ತದೆ. ಮೂವತ್ತಕ್ಕೆ ಇಪ್ಪತ್ತು ಕೂಡಿದರೆ ಮೂರು ಪಟ್ಟಿಗೂ ಹೆಚ್ಚಾಗುವ ಈ ಗಣಿತದ ಗುಟ್ಟೆಂದರೆ, ಐವತ್ತರಲ್ಲಿ 120 ವೋಲ್ಟಿನ ಎರಡು ತಂತಿಗಳಿರುತ್ತವೆ. ಮೂವತ್ತನ್ನೇ ನೆಚ್ಚಿದ ಕನ್ನಡ ಸಂಸಾರಕ್ಕೆ ಇದರ ಫಲ ಬೆಳಗಿನ ತಿಂಡಿಯ ಹೊತ್ತಿಗೆ ತಿಳಿಯುತ್ತದೆ. ಛಾವಣಿಯ ಎ.ಸಿ.ಗೆ ಸುಮಾರು 1,500, ಮೈಕ್ರೋವೇವಿಗೆ ಇನ್ನೊಂದು 1,500, ಕಾಯಿಚಟ್ನಿ ತಿರುವುತ್ತಿರುವ ಮಿಕ್ಸಿಗೆ 550. ಲೆಕ್ಕದಲ್ಲಿ ಇನ್ನೂ 50 ವ್ಯಾಟ್ ಮಿಕ್ಕಿದೆ ಎಂದು ಯಜಮಾನರು ವಾದಿಸುತ್ತಿರುವಾಗಲೇ ಫ್ರಿಜ್ಜು ಗುರ್ರೆನ್ನುತ್ತದೆ, ಬ್ರೇಕರ್ ಟಪ್ಪೆನ್ನುತ್ತದೆ, ಚಟ್ನಿ ತರಿತರಿಯಾಗಿಯೇ ಉಳಿಯುತ್ತದೆ.

ಚರಂಡಿಯ ಪ್ರಕರಣ ಇನ್ನೂ ಗಹನ. ಕಕ್ಕಸಿನದು ‘ಬ್ಲ್ಯಾಕ್’ ಟ್ಯಾಂಕು, ಪಾತ್ರೆ ಮತ್ತು ಸ್ನಾನದ್ದು ‘ಗ್ರೇ’. ಹೇಗೂ ಚರಂಡಿ ಸೇರಿಸಿದ್ದೇವಲ್ಲ ಎಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಡುವುದು ಹೊಸಬರ ಲಕ್ಷಣ. ಆಗ ದ್ರವವು ಹರಿದು ಹೋಗುತ್ತದೆ, ಘನವು ಹೋಗುವುದಿಲ್ಲ. ಜುಲೈ ಹೊತ್ತಿಗೆ ಒಳಗೊಂದು ಪಿರಮಿಡ್ಡು ಸಿದ್ಧವಾಗಿರುತ್ತದೆ. ಈಜಿಪ್ಟಿನವರು ಅಷ್ಟು ಶ್ರಮಪಟ್ಟು ಕಟ್ಟಿದ್ದು ಇಲ್ಲಿ ಕೇವಲ ಅಲಕ್ಷ್ಯದಿಂದ ಏಳುತ್ತದೆ. ಟ್ಯಾಂಕು ಮುಕ್ಕಾಲು ತುಂಬಿದ ಮೇಲೆ ಮೊದಲು ಬ್ಲ್ಯಾಕ್, ಅನಂತರ ಗ್ರೇ ಬಿಟ್ಟರೆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ ಎಂಬುದು ಸಿದ್ಧಾಂತ.

ವಾಸ್ತು ನೋಡುವವರು ಈಶಾನ್ಯ, ಆಗ್ನೇಯಗಳನ್ನು ಮರೆಯಬೇಕು. ಇಲ್ಲಿ ದಿಕ್ಕುಗಳು ಎರಡೇ: ಚಾಲಕನ ಬದಿ, ಬಾಗಿಲ ಬದಿ. ಅಮೆರಿಕದ ಆರ್‌ವಿಗಳಲ್ಲಿ ಚರಂಡಿಯ ಬಾಯಿ ಸಾಮಾನ್ಯವಾಗಿ ಚಾಲಕನ ಬದಿಯಾದ ಎಡಕ್ಕೆ, ಬಾಗಿಲೂ ಜಗಲಿಯ ನೆರಳುಬಟ್ಟೆಯೂ ಬಲಕ್ಕೆ. ಎಲ್ಲರೂ ಒಂದೇ ಮುಖವಾಗಿ ಸಾಲುಗಟ್ಟಿದಾಗ ಒಬ್ಬರ ಜಗಲಿಗೆ ಇನ್ನೊಬ್ಬರ ಬಚ್ಚಲ ಪೈಪು ಎದುರಾಗುತ್ತದೆ. ಆದ್ದರಿಂದ ಜಾಗ ನೋಡಲು ಹೋದವರು ಕೆರೆಯ ಸೊಬಗಿಗೆ ಮರುಳಾಗದೆ, ಬಲಗಡೆ ಸೈಟಿನ ಪೈಪು ಎಲ್ಲಿ ಮಲಗಿದೆ ಎಂದು ಬಗ್ಗಿ ನೋಡತಕ್ಕದ್ದು. ಪುಳಿಯೋಗರೆಯ ಡಬ್ಬಿ ತೆರೆಯುವುದು ಅದರ ಎದುರಿಗೇ. ಸಾಲಿನ ಬಲತುದಿಯ ಸೈಟು ಉತ್ತಮೋತ್ತಮ. ಅದು ಯಾವಾಗಲೂ ಹಳೆಯ ಬಾಡಿಗೆದಾರರ ವಶದಲ್ಲಿರುತ್ತದೆ. ಆಟದ ಬಯಲು ಎಷ್ಟು ದೂರವಿರಬೇಕೆಂದರೆ, ಮಕ್ಕಳು ಕಾಣಿಸಬೇಕು, ಕೇಳಿಸಬಾರದು. ಪೈನ್ ಮರದ ನೆರಳು ತಂಪು, ಆದರೆ ಅದರ ಅಂಟು ನೆರಳುಬಟ್ಟೆಯನ್ನು ಬಿಡುವುದಿಲ್ಲ.

ಆಯ್ಕೆ ಎರಡೂ ಕಡೆಯದು ಎಂಬುದನ್ನು ಹೊಸಬರು ತಡವಾಗಿ ಅರಿಯುತ್ತಾರೆ. ಅನೇಕ ಖಾಸಗಿ ಪಾರ್ಕುಗಳು ಹತ್ತು ವರ್ಷ ದಾಟಿದ ಆರ್‌ವಿಯನ್ನು ಸೇರಿಸುವುದಿಲ್ಲ. ವಯಸ್ಸು ಕೇಳಿ, ಫೋಟೋ ತರಿಸಿ, ಹೆಣ್ಣು ನೋಡುವ ಶಾಸ್ತ್ರವನ್ನು ಕ್ರಮವಾಗಿ ಮುಗಿಸುತ್ತವೆ. ಒಪ್ಪಿಗೆಯಾದರೆ ಬಾಡಿಗೆ ಸೀಸನ್ನಿಗೆ ಕೆಲವು ಸಾವಿರ ಡಾಲರ್. ಕರೆಂಟಿಗೆ ಬೇರೆ ಮೀಟರ್ ಇರುವುದು, ಅತಿಥಿಗೆ ತಲೆಗಿಷ್ಟು ಎಂದಿರುವುದು ಸಾಮಾನ್ಯವಾದ್ದರಿಂದ, ಬಂಧುಬಳಗ ದೊಡ್ಡದಿರುವವರು ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದುವುದು ಕ್ಷೇಮ. ರಾತ್ರಿ ಹತ್ತರ ಮೇಲೆ ಮೌನ ಎಂಬ ವಿಧಿ ಹೆಚ್ಚುಕಡಿಮೆ ಎಲ್ಲೆಡೆ ಇದೆ. ಅಂತ್ಯಾಕ್ಷರಿಯನ್ನು ಒಂಬತ್ತೂವರೆಗೆ ಮುಗಿಸಬೇಕಾಗುತ್ತದೆ.

ಸಂಜೆಯ ಬೆಂಕಿಗೆಂದು ಊರಿಂದ ಸೌದೆ ಹೊತ್ತು ತರುವುದು ಮಹಾಪಾತಕ. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ, ಆಶ್ ಮರಗಳನ್ನು ಕೊಲ್ಲುವ ಹಸಿರು ಜೀರುಂಡೆ ಸೌದೆಯೊಳಗೆ ಕುಳಿತು ರಾಜ್ಯದಿಂದ ರಾಜ್ಯಕ್ಕೆ ಹೋಗುತ್ತದೆ. ನ್ಯೂಯಾರ್ಕಿನಲ್ಲಿ ಕಾಯಿಸಿ ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ಆಚೆ ಸಾಗಿಸುವಂತಿಲ್ಲ. ಇಡೀ ಕ್ಯಾಂಪ್‌ಗ್ರೌಂಡಿನಲ್ಲಿ ನಿಜವಾಗಿ ಸಂಚಾರ ಮಾಡುವ ಏಕೈಕ ಜೀವಿಯ ಮೇಲೆ ಈ ನಿರ್ಬಂಧ ಬಿದ್ದಿದೆ.

ಅಕ್ಟೋಬರಿನಲ್ಲಿ ವಿಸರ್ಜನೆ. ಟ್ಯಾಂಕುಗಳನ್ನು ಬರಿದು ಮಾಡಿ, ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಯಿಸಿ, ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾರೆ. ಕಕ್ಕಸಿನ ಫ್ಲಶ್ಶಿನಲ್ಲೂ ಗುಲಾಬಿ ಬಂದರೆ ಕರ್ಮ ಮುಗಿಯಿತು. ಕಡೆಗೆ ಟೈರುಗಳಿಗೆ ಹೊದಿಕೆ ಹಾಕುತ್ತಾರೆ. ಆರ್‌ವಿಯ ಟೈರು ಓಡಿ ಸವೆಯುವುದು ಅಪರೂಪ. ನಿಂತಲ್ಲೇ ಬಿಸಿಲಿಗೆ ಬಿರುಕುಬಿಟ್ಟು ಹಾಳಾಗುತ್ತದೆ.